ಎರಡು ವಾರದ ಸೇವೆಗೆ ಮೂರು ತಿಂಗಳ ಎಚ್ಚರ

ಚರ್ಚಿನ ಯುವಜನರ ತಂಡದೊಂದಿಗೆ ನಿಮ್ಮ ಮಗಳು ಎರಡು ವಾರದ ಸೇವೆಗೆಂದು ಆಫ್ರಿಕಾಕ್ಕೆ ಹೊರಟಿದ್ದಾಳೆ ಎಂದಿಟ್ಟುಕೊಳ್ಳಿ. ಹಳ್ಳಿಯ ಶಾಲೆಗೆ ಸುಣ್ಣಬಣ್ಣ ಬಳಿಯುವುದು, ಮಕ್ಕಳಿಗೆ ಹಾಡು ಆಟ ಕಲಿಸುವುದು, ಸಂಜೆ ಪ್ರಾರ್ಥನಾ ಕೂಟ, ಭಾನುವಾರ ಆರಾಧನೆ, ಇಷ್ಟು ಕಾರ್ಯಕ್ರಮ. ಮನೆಯಲ್ಲಿ ಒಂದು ಕಡೆ ಸಂಭ್ರಮ, ಇನ್ನೊಂದು ಕಡೆ ಅಳುಕು. ಅಜ್ಜಿಗೆ ಸಿಂಹದ ಭಯ. ಅಪ್ಪನಿಗೆ ಪಾಸ್‌ಪೋರ್ಟು ಕಳೆದರೇನು ಗತಿ ಎಂಬ ಚಿಂತೆ. ಅಮ್ಮನಿಗೆ ಊಟದ ಯೋಚನೆ. ವೈದ್ಯರ ಬಳಿ ಹೋದರೆ ಅವರು ಈ ಮೂರನ್ನೂ ಬದಿಗಿಟ್ಟು ಬೇರೊಂದು ಪ್ರಶ್ನೆ ಕೇಳಬೇಕು: "ಮರಳಿ ಬಂದ ಮೇಲೆ ಮೂರು ತಿಂಗಳು ಅವಳ ಮೇಲೆ ಕಣ್ಣಿಡುವವರು ಯಾರು?"

ಇಂಥ ಚಿಕ್ಕ ಪ್ರವಾಸದ ವಿಶೇಷವೇ ಇದು. ಅಲ್ಲಿ ಕಚ್ಚಿದ ಸೊಳ್ಳೆಯ ಫಲ ಅನೇಕ ಸಲ ಇಲ್ಲಿ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಪೆಟ್ಟಿಗೆ ಅಟ್ಟ ಸೇರಿರುತ್ತದೆ, ಫೋಟೋ ತೋರಿಸಿ ಮುಗಿದಿರುತ್ತದೆ, ಜ್ವರ ಬಂದರೆ "ಹವೆ ಬದಲಾಯಿತಲ್ಲ, ಅದಕ್ಕೇ" ಎಂದು ಎರಡು ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸುತ್ತೇವೆ. ಆ ಎರಡು ದಿನದ ವಿಳಂಬ ಪ್ರಾಣಕ್ಕೆ ಎರವಾಗಬಹುದು.

ಆಫ್ರಿಕಾ ಎಂದರೆ ಒಂದು ಊರಲ್ಲ, ಐವತ್ತಕ್ಕೂ ಹೆಚ್ಚು ದೇಶಗಳ ಖಂಡ. ಒಂದು ದೇಶಕ್ಕೆ ಹೇಳಿದ್ದು ಇನ್ನೊಂದಕ್ಕೆ ಹೊಂದಲಾರದು. ಹಾಗಾಗಿ ಈ ವಾರ ಪಶ್ಚಿಮ ಆಫ್ರಿಕಾದ ಘಾನಾ ದೇಶವೊಂದನ್ನೇ ಹಿಡಿದು ಮಾತನಾಡೋಣ. ಕನ್ನಡಿಗರಿಗೆ ಆ ದೇಶದೊಡನೆ ಒಂದು ಹಳೆಯ ನಂಟೂ ಇದೆ. 1834ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ ಬಾಸೆಲ್ ಮಿಷನ್ ನಮಗೆಲ್ಲ ಗೊತ್ತು. ಅದೇ ಮಿಷನ್ ನಮ್ಮಲ್ಲಿಗೆ ಬರುವ ಮೊದಲೇ, 1828ರಲ್ಲಿ, ಆಗ ಗೋಲ್ಡ್ ಕೋಸ್ಟ್ ಎನಿಸಿಕೊಂಡಿದ್ದ ಘಾನಾಕ್ಕೆ ನಾಲ್ವರು ತರುಣರನ್ನು ಕಳಿಸಿತ್ತು. ವರ್ಷ ತುಂಬುವುದರೊಳಗೆ ಮೂವರು ತೀರಿಕೊಂಡರು, ನಾಲ್ಕನೆಯವರು 1831ರಲ್ಲಿ. 1832ರಲ್ಲಿ ಮತ್ತೆ ಮೂವರು ಹೋದರು. ಅವರಲ್ಲಿ ಇಬ್ಬರು ಕೆಲವೇ ತಿಂಗಳಲ್ಲಿ ಜ್ವರಕ್ಕೆ ಬಲಿಯಾದರು. ಸತ್ತವರಲ್ಲಿ ಒಬ್ಬರು ವೈದ್ಯರು! ಉಳಿದ ಆಂಡ್ರಿಯಾಸ್ ರೀಸ್ ಎಂಬವರಿಗೂ ಜ್ವರ ಬಂದಿತ್ತು. ಸ್ಥಳೀಯ ನಾಟಿ ವೈದ್ಯನೊಬ್ಬನ ಔಷಧಿಯಿಂದ ಅವರು ಬದುಕಿಕೊಂಡರೆಂದು ಮಿಷನ್ನಿನ ಚರಿತ್ರೆ ಹೇಳುತ್ತದೆ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕುಳಿತು ಪತ್ತೆಮಾಡಿದ್ದು 1897ರಲ್ಲಿ. ಅಲ್ಲಿಯವರೆಗೆ ಎಲ್ಲರೂ ಬೈದದ್ದು ಹವೆಯನ್ನು.

ಇಂದು ಹೋಗುವವರಿಗೆ ಆ ಗತಿ ಬರಬೇಕಾಗಿಲ್ಲ. ಆದರೆ ಸೊಳ್ಳೆ ಅದೇ ಸೊಳ್ಳೆ.

ಹೊರಡುವ ಮುನ್ನ

ಕನಿಷ್ಠ ಆರು ವಾರ ಮೊದಲು ವೈದ್ಯರನ್ನು ಕಾಣಿ. ಟಿಕೆಟ್ಟು ಕೈಗೆ ಬಂದ ಮೇಲೆ, ಹೊರಡುವ ಹಿಂದಿನ ವಾರ ಓಡಿಬರುವವರೇ ಹೆಚ್ಚು.

ಘಾನಾಕ್ಕೆ ಕಾಲಿಡಬೇಕಾದರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕಡ್ಡಾಯ. ಇದನ್ನು ಸರಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಷ್ಟೇ ಹಾಕುತ್ತಾರೆ, ನಿಮ್ಮ ಬೀದಿಯ ಕ್ಲಿನಿಕ್ಕಿನಲ್ಲಿ ಸಿಗದು. ಚುಚ್ಚಿಸಿಕೊಂಡ ಹತ್ತು ದಿನಗಳ ಬಳಿಕವೇ ಪ್ರಮಾಣಪತ್ರಕ್ಕೆ ಬೆಲೆ. 2016ರ ಜುಲೈನಿಂದ ಒಂದು ಚುಚ್ಚುಮದ್ದು ಜೀವನಪೂರ್ತಿಗೆ ಸಾಕೆಂಬ ನಿಯಮ ಬಂದಿದೆ. ಮರಳುವಾಗ ಆ ಹಳದಿ ಪುಸ್ತಿಕೆ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇದು ಅಧಿಕಾರಿಗಳ ಕಿರುಕುಳ ಎಂದು ಗೊಣಗಬೇಡಿ. ಹಳದಿ ಜ್ವರವನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮ ಪ್ರತಿ ಬಡಾವಣೆಯಲ್ಲೂ ಇದೆ, ರೋಗ ಮಾತ್ರ ಇನ್ನೂ ಬಂದಿಲ್ಲ. ಬಾರದಂತೆ ತಡೆಯುವ ಬಾಗಿಲು ಅದೊಂದೇ.

ಇದು ಜೀವಂತ ವೈರಾಣುವಿನ ಲಸಿಕೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೊಟ್ಟೆ ತೀರಾ ಒಗ್ಗದವರು, ರೋಗನಿರೋಧಕ ಶಕ್ತಿ ಕುಂದಿದವರು ಮೊದಲೇ ತಿಳಿಸಬೇಕು. ಅರವತ್ತು ದಾಟಿ ಮೊದಲ ಸಲ ಹಾಕಿಸಿಕೊಳ್ಳುವವರ ವಿಷಯದಲ್ಲಿ ವೈದ್ಯರು ಲಾಭ ನಷ್ಟ ತೂಗಿ ನೋಡುತ್ತಾರೆ. ಇಲ್ಲೊಂದು ಸಂಗತಿ ಹೇಳಲೇಬೇಕು. ಈ ಲಸಿಕೆಯ ಮೂಲ ಘಾನಾದ್ದೇ. 1927ರಲ್ಲಿ ಇಂದಿನ ಘಾನಾದ ಕ್ಪೇವೆ ಎಂಬಲ್ಲಿ ಜ್ವರದಿಂದ ಮಲಗಿದ್ದ ಅಸಿಬಿ ಎಂಬ ವ್ಯಕ್ತಿಯ ರಕ್ತದಿಂದ ವಿಜ್ಞಾನಿಗಳು ವೈರಾಣುವನ್ನು ಬೇರ್ಪಡಿಸಿದರು. ಅಸಿಬಿ ಗುಣವಾದರು. ಆದರೆ ಅದೇ ರೋಗದ ಸಂಶೋಧನೆಯಲ್ಲಿದ್ದ ಜಪಾನಿನ ಹಿಡಿಯೊ ನೊಗುಚಿ 1928ರಲ್ಲಿ ಘಾನಾದ ಅಕ್ರಾ ನಗರದಲ್ಲಿ ಅದಕ್ಕೇ ತುತ್ತಾದರು. ಅಸಿಬಿಯವರ ರಕ್ತದ ವೈರಾಣುವನ್ನೇ ಪಳಗಿಸಿ ಮ್ಯಾಕ್ಸ್ ಥೈಲರ್ 1937ರಲ್ಲಿ ಲಸಿಕೆ ರೂಪಿಸಿದರು, 1951ರಲ್ಲಿ ನೊಬೆಲ್ ಪಡೆದರು. ನಿಮ್ಮ ಮಗಳ ತೋಳಿಗೆ ಚುಚ್ಚುವ ಮದ್ದು ಅದೇ ವಂಶದ್ದು. 'ನಾವು ಕೊಡಲು ಹೋಗುತ್ತಿದ್ದೇವೆ' ಎಂದುಕೊಂಡು ಹೊರಡುವವರು ಅಲ್ಲಿಂದ ಮೊದಲೇ ಪಡೆದದ್ದು ಏನೆಂದು ತಿಳಿದಿರಲಿ.

ಟೈಫಾಯಿಡ್, ಹೆಪಟೈಟಿಸ್ ಎ, ಧನುರ್ವಾಯು, ದಡಾರ ಇವುಗಳ ಲಸಿಕೆ ಆಗಿದೆಯೇ ನೋಡಿಕೊಳ್ಳಿ. ದಡಾರದ್ದು ನಿಮ್ಮ ರಕ್ಷಣೆಗೆ ಮಾತ್ರವಲ್ಲ. ನೀವು ಹೊತ್ತೊಯ್ದ ದಡಾರ ಅಲ್ಲಿನ ಲಸಿಕೆ ಕಾಣದ ಕೂಸಿಗೆ ಮಾರಕವಾದೀತು. ಘಾನಾದ ಉತ್ತರ ಭಾಗಕ್ಕೆ, ಅದರಲ್ಲೂ ಡಿಸೆಂಬರಿನಿಂದ ಜೂನ್‌ವರೆಗಿನ ಒಣ ತಿಂಗಳಲ್ಲಿ ಹೋಗುವುದಾದರೆ ಮೆನಿಂಜೈಟಿಸ್ ಅಂದರೆ ಮೆದುಳುಪೊರೆಯ ಉರಿಯೂತದ ಲಸಿಕೆಯೂ ಬೇಕು.

ಇನ್ನು ಮಲೇರಿಯಾ ಗುಳಿಗೆ. ಘಾನಾದಲ್ಲಿ ವರ್ಷವಿಡೀ, ದೇಶದ ಎಲ್ಲೆಡೆ ಮಲೇರಿಯಾ ಇದೆ, ಅದೂ ಬಹುಪಾಲು ಫಾಲ್ಸಿಪಾರಮ್ ಎಂಬ ಮಾರಕ ಜಾತಿಯದ್ದು. ಅಟೊವಾಕ್ವೋನ್-ಪ್ರೊಗ್ವಾನಿಲ್ ಅಥವಾ ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮೊದಲು ಶುರುಮಾಡಿ ದಿನಕ್ಕೊಂದರಂತೆ ನುಂಗಬೇಕು. ಮೆಫ್ಲೋಕ್ವಿನ್ ವಾರಕ್ಕೊಂದು, ಎರಡು ವಾರ ಮೊದಲೇ ಶುರು. ಡಾಕ್ಸಿಸೈಕ್ಲಿನ್ ಗರ್ಭಿಣಿಯರಿಗೂ ಎಂಟರೊಳಗಿನ ಮಕ್ಕಳಿಗೂ ಆಗದು. ಅದನ್ನು ತೆಗೆದುಕೊಂಡವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಮೆಫ್ಲೋಕ್ವಿನ್ ಕೆಲವರಿಗೆ ಕೆಟ್ಟ ಕನಸು, ಮಂಕು, ಕಳವಳ ತರುತ್ತದೆ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದವರು, ಮೂರ್ಛೆರೋಗ ಇದ್ದವರು ಅದರ ತಂಟೆಗೆ ಹೋಗಬಾರದು. ಆಯ್ಕೆ ವೈದ್ಯರದಾಗಲಿ, ಸ್ನೇಹಿತರದಲ್ಲ.

"ಈಗ ಮಲೇರಿಯಾಕ್ಕೂ ಲಸಿಕೆ ಬಂದಿದೆಯಲ್ಲ?" ಎಂದು ನೀವು ಕೇಳಬಹುದು. ಬಂದಿದೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್-21 ಲಸಿಕೆಗೆ 2023ರ ಏಪ್ರಿಲ್‌ನಲ್ಲಿ ಮೊಟ್ಟಮೊದಲು ಅನುಮತಿ ಕೊಟ್ಟ ದೇಶವೇ ಘಾನಾ. ಆದರೆ ಅದು ಅಲ್ಲಿನ ಎಳೆಯ ಮಕ್ಕಳಿಗೆ, ಹೊರಗಿನಿಂದ ಹೋಗುವ ದೊಡ್ಡವರಿಗಲ್ಲ.

ಹಳ್ಳಿಯ ಒಂದು ದಿನ

ಬೆಳಗಿನ ಜಾವ ಐದಕ್ಕೆಲ್ಲ ಕೋಳಿ ಕೂಗು, ಅಂಗಳ ಗುಡಿಸುವ ಕಡ್ಡಿಪೊರಕೆಯ ಸದ್ದು. ಮಕ್ಕಳು ಕೈಪಂಪಿನಿಂದ ತಲೆಯ ಮೇಲೆ ನೀರು ಹೊತ್ತು ತರುತ್ತಾರೆ. ಅತಿಥಿಗೆಂದು ಒಂದು ಬಕೆಟ್ ನೀರು ಬಚ್ಚಲ ಮರೆಯಲ್ಲಿ ಕಾದಿರುತ್ತದೆ. ಘಾನಾದವರು ದಿನಕ್ಕೆ ಎರಡು ಸಲ ಸ್ನಾನ ಮಾಡುವ ಜನ. ಸ್ನಾನ ಬಿಟ್ಟ ಅತಿಥಿಯನ್ನು ಕಂಡು ಅವರೇ ಮುಜುಗರಪಡುತ್ತಾರೆ. ಅರ್ಧ ಬಕೆಟ್ಟಿನಲ್ಲಿ ಮುಗಿಸುವುದನ್ನು ಇಲ್ಲಿಂದಲೇ ಅಭ್ಯಾಸ ಮಾಡಿಕೊಂಡು ಹೋಗಿ, ನಗರದ ಮಕ್ಕಳಿಗೆ ಇದು ತಿಳಿಯದು. ಆ ನೀರನ್ನು ಬಾಯಿ ಮುಕ್ಕಳಿಸಲು ಬಳಸಬೇಡಿ. ಹಲ್ಲುಜ್ಜಲೂ ಕುಡಿಯುವ ನೀರೇ ಇರಲಿ.

ಕುಡಿಯಲು ಅಲ್ಲಿ ಅರ್ಧ ಲೀಟರಿನ ಪ್ಲಾಸ್ಟಿಕ್ ಪೊಟ್ಟಣದ ನೀರು ಎಲ್ಲೆಲ್ಲೂ ಸಿಗುತ್ತದೆ. 'ಪ್ಯೂರ್ ವಾಟರ್' ಎಂದೇ ಅದರ ಹೆಸರು. ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದು ಕುಡಿಯುವುದು ರೂಢಿ. ಪೊಟ್ಟಣದ ಹೊರಮೈಯನ್ನು ಎಷ್ಟು ಕೈಗಳು ಮುಟ್ಟಿವೆಯೋ, ಒರೆಸಿ ಕತ್ತರಿಯಿಂದ ಕತ್ತರಿಸಿ. ಹೆಸರು ಅಚ್ಚಾಗದ, ತಯಾರಕರ ವಿವರವಿಲ್ಲದ ಪೊಟ್ಟಣ ಬೇಡ. ಸಿಗದಿದ್ದ ಕಡೆ ನೀರನ್ನು ಕುದಿಸಿ; ಗುಳ್ಳೆಯೆದ್ದು ಒಂದು ನಿಮಿಷ ಕುದಿದರೆ ಸಾಕು. ಕರಾವಳಿಯತ್ತ ಎಳನೀರು ಧಾರಾಳ. ಕಣ್ಣೆದುರಿಗೆ ಕೆತ್ತಿಕೊಟ್ಟದ್ದಾದರೆ ಅದಕ್ಕಿಂತ ಒಳ್ಳೆಯ ಪಾನೀಯ ಇನ್ನೊಂದಿಲ್ಲ. ಐಸ್ ಹಾಕಿದ ಶರಬತ್ತನ್ನು ಮಾತ್ರ ಕೈಮುಗಿದು ಬಿಡಿ.

ಊಟದ ಬಗ್ಗೆ ಅಮ್ಮನ ಚಿಂತೆ ಅರ್ಧ ಕಡಿಮೆಯಾಗಬೇಕು. ಬೇಯಿಸಿದ ಮರಗೆಣಸು, ಬಾಳೆಯನ್ನು ಒರಳಲ್ಲಿ ಕುಟ್ಟಿ ಮಾಡುವ ಫುಫು ನಮ್ಮ ರಾಗಿಮುದ್ದೆಯ ದಾಯಾದಿ. ಬಲಗೈಯಲ್ಲಿ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದು. ಅಮೆರಿಕದಿಂದ ಬಂದವರು ತಿಣುಕುತ್ತಾರೆ, ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ. ಮೆಕ್ಕೆಜೋಳದ ಹಿಟ್ಟು ಹುಳಿಸಿ ಎಲೆಯಲ್ಲಿ ಕಟ್ಟಿ ಬೇಯಿಸಿದ ಕೆಂಕೆ, ಕೆಸುವಿನ ಜಾತಿಯ ಸೊಪ್ಪಿನ ಗೊಜ್ಜು, ನೆಲಗಡಲೆಯ ಸಾರು ಇವೆಲ್ಲ ನಮ್ಮ ನಾಲಗೆಗೆ ದೂರದವಲ್ಲ. ಬೆಳಿಗ್ಗೆ ರಸ್ತೆ ಬದಿ ಸಿಗುವ ಕೊಕೊ ಎಂಬ ಹುಳಿ ಗಂಜಿಯೂ ಅಲಸಂದೆ ರುಬ್ಬಿ ಕರಿದ ಕೂಸೆ ಎಂಬ ವಡೆಯೂ ಬಿಸಿಬಿಸಿಯಾಗಿರುವುದರಿಂದ ಹೊಟ್ಟೆಗೆ ಸುರಕ್ಷಿತ. ಸಸ್ಯಾಹಾರಿಗಳು ಮಾತ್ರ ಕೇಳಿ ತಿನ್ನಬೇಕು, ಒಣಮೀನಿನ ಪುಡಿ ಸೊಪ್ಪಿನೊಳಗೂ ಖಾರದ ಚಟ್ನಿಯೊಳಗೂ ಸೇರಿರುತ್ತದೆ. ಬಿಸಿಯಾಗಿ ಬಡಿಸಿದ್ದನ್ನು ತಿನ್ನಿ, ಸುಲಿದು ತಿನ್ನುವ ಹಣ್ಣು ತಿನ್ನಿ, ಹಸಿ ಸಲಾಡ್ ಬಿಡಿ. ಕಾಡುಪ್ರಾಣಿಯ ಮಾಂಸವನ್ನೂ ಬಾವಲಿಯನ್ನೂ ಮುಟ್ಟಲೇಬೇಡಿ. 2022ರಲ್ಲಿ ಘಾನಾದಲ್ಲಿ ಕಾಣಿಸಿಕೊಂಡ ಮಾರ್‌ಬರ್ಗ್ ಜ್ವರದ ವೈರಾಣುವಿನ ಮನೆ ಬಾವಲಿಯೇ.

ಆದರೂ ಭೇದಿ ಆಗಬಹುದು. ಎರಡು ವಾರದಲ್ಲಿ ಒಮ್ಮೆ ಆದರೆ ಆಶ್ಚರ್ಯವಿಲ್ಲ. ಓಆರ್‌ಎಸ್ ಪೊಟ್ಟಣ ಒಯ್ಯಿರಿ. ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ರಕ್ತ ಬಿದ್ದರೆ, ಜ್ವರ ಸೇರಿದರೆ, ಅನ್ನದ ಗಂಜಿಯಂತೆ ಬಿಳಿ ನೀರು ಹೋದರೆ ತಡಮಾಡದೆ ಆಸ್ಪತ್ರೆಗೆ.

ಕೈಕುಲುಕುವುದು ಅಲ್ಲಿ ಬಹಳ. ಊರಿನ ಮುಖಂಡರನ್ನು ಕಂಡು ವಂದಿಸದೆ ಯಾವ ಕೆಲಸವೂ ಆರಂಭವಾಗದು. ಸಾಲಾಗಿ ಕುಳಿತ ಹಿರಿಯರಿಗೆಲ್ಲ ಬಲಗಡೆಯಿಂದ ಆರಂಭಿಸಿ ಕೈಕೊಡುತ್ತ ಹೋಗಬೇಕು. ಎಡಗೈಯಲ್ಲಿ ಕೊಡುವುದು ತೆಗೆದುಕೊಳ್ಳುವುದು ಅಲ್ಲಿಯೂ ಅಪಮಾನ, ಈ ವಿಷಯದಲ್ಲಿ ನಮ್ಮವರು ಮನೆಯಲ್ಲೇ ಪಳಗಿರುತ್ತಾರೆ. ಕೈಕುಲುಕಿದ ಮರುಗಳಿಗೆಯೇ ಜೇಬಿನಿಂದ ಸೀಸೆ ತೆಗೆದು ಕೈ ತಿಕ್ಕಿಕೊಳ್ಳುವವರನ್ನು ಕಂಡರೆ ಆ ಹಿರಿಯರಿಗೆ ಹೇಗನಿಸೀತು ಯೋಚಿಸಿ. ಅದರ ಅಗತ್ಯವೂ ಇಲ್ಲ. ಊಟಕ್ಕೆ ಮುಂಚೆ ಬೋಗುಣಿಯಲ್ಲಿ ನೀರು, ಸಾಬೂನು ತಂದಿಡುತ್ತಾರೆ. ಆಗ ಚೆನ್ನಾಗಿ ಸಾಬೂನು ಹಚ್ಚಿ, ನೀರನ್ನು ಬೇರೆಯವರಿಂದ ಕೈ ಮೇಲೆ ಸುರಿಸಿಕೊಂಡು ತೊಳೆಯಿರಿ.

ಮಧ್ಯಾಹ್ನ ಕೆಲಸ. ಬಣ್ಣ ಬಳಿಯುವ, ಇಟ್ಟಿಗೆ ಹೊರುವ ಹುಮ್ಮಸ್ಸಿನಲ್ಲಿ ನೀರು ಕುಡಿಯುವುದೇ ಮರೆತುಹೋಗುತ್ತದೆ. ಮೂತ್ರ ಗಾಢ ಹಳದಿಯಾದರೆ ನೀರು ಸಾಲದೆಂದು ಅರ್ಥ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಸಹಾರಾ ಕಡೆಯಿಂದ ಹರ್ಮಟಾನ್ ಎಂಬ ಒಣಗಾಳಿ ಬೀಸುತ್ತದೆ. ಆಕಾಶವೆಲ್ಲ ಧೂಳು, ತುಟಿ ಬಿರಿಯುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ. ಉಬ್ಬಸದವರು ಇನ್‌ಹೇಲರ್ ಎರಡು ಇಟ್ಟುಕೊಳ್ಳಿ. ತಂಡದ ಹಿರಿಯರಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಭಾನುವಾರದ ಎಚ್ಚರ ಬೇರೆಯೇ ಇದೆ. ಆರಾಧನೆ ಮೂರು ತಾಸು ನಡೆಯಬಹುದು. ಡೋಲು, ಕುಣಿತ, ಕರವಸ್ತ್ರ ಬೀಸುತ್ತ ಕಾಣಿಕೆ ಸಲ್ಲಿಸುವುದು. ಕೆಲವು ಚರ್ಚುಗಳಲ್ಲಿ ಹುಟ್ಟಿದ ವಾರದ ಪ್ರಕಾರ ಗುಂಪು ಕಟ್ಟಿ, ಯಾವ ವಾರದವರ ಕಾಣಿಕೆ ಹೆಚ್ಚು ಎಂದು ಪೈಪೋಟಿ ಬೇರೆ! ನೋಡಲು ಬಲು ಸೊಗಸು. ಆದರೆ ಮಾತ್ರೆ ನುಂಗಿ, ತಿಂಡಿ ತಿನ್ನದೆ ಕುಳಿತವರಿಗೆ ನಡುವೆಯೇ ಸಕ್ಕರೆ ಇಳಿದು ಬೆವರು ಕಿತ್ತುಬರುತ್ತದೆ. ಜೇಬಿನಲ್ಲಿ ಬಿಸ್ಕತ್ತು, ಸಕ್ಕರೆ ಇರಲಿ. ಫ್ರಿಜ್ ಇಲ್ಲದ ಕಡೆ ಇನ್ಸುಲಿನನ್ನು ನೀರು ತುಂಬಿದ ಮಡಕೆಯಲ್ಲಿ, ಒದ್ದೆಯಾಗದಂತೆ ಡಬ್ಬಿಯಲ್ಲಿಟ್ಟು ತಂಪಾಗಿಡುವ ನಮ್ಮ ಹಳ್ಳಿಯ ಉಪಾಯ ಅಲ್ಲಿಯೂ ನಡೆಯುತ್ತದೆ.

ಬಟ್ಟೆ ಒಗೆದು ಹೊರಗೆ ಒಣಹಾಕಿದ್ದೀರಾ? ಹಾಗಿದ್ದರೆ ಒಳಉಡುಪು ಸಹಿತ ಎಲ್ಲಕ್ಕೂ ಎರಡೂ ಮಗ್ಗುಲು ಬಿಸಿಯಾಗಿ ಇಸ್ತ್ರಿ ಹಾಕಿ. ಟುಂಬು ಎಂಬ ನೊಣ ತೇವದ ಬಟ್ಟೆಯ ಮೇಲೆ ಮೊಟ್ಟೆಯಿಡುತ್ತದೆ, ಮರಿಹುಳು ಚರ್ಮದೊಳಗೆ ಇಳಿದು ಕುರುವಿನಂತೆ ಊದಿಕೊಳ್ಳುತ್ತದೆ. ಹಳ್ಳಿಯವರು ಇದ್ದಿಲ ಪೆಟ್ಟಿಗೆಯಲ್ಲಿ ಅಷ್ಟು ಶ್ರದ್ಧೆಯಿಂದ ಇಸ್ತ್ರಿ ಮಾಡುವುದು ಬರೀ ಠೀವಿಗಲ್ಲ.

ಸಂಜೆಯಾಯಿತೋ, ತುಂಬುತೋಳಿನ ಅಂಗಿ, ಪಾದ ಮುಚ್ಚುವ ಉಡುಪು, ತೆರೆದ ಚರ್ಮಕ್ಕೆ ಡೀಟ್ ಇರುವ ಮುಲಾಮು. ಮಲೇರಿಯಾದ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನವರೆಗೆ, ಅದರಲ್ಲೂ ನಡುರಾತ್ರಿಯ ನಂತರ ಜೋರು. ಮಂಗಳೂರಿನಲ್ಲಿ ಮಲೇರಿಯಾ ಸೊಳ್ಳೆ ನೀರಿನ ತೊಟ್ಟಿಯಲ್ಲಿ ಹುಟ್ಟಿದರೆ, ಅಲ್ಲಿಯದು ಮಳೆನೀರು ನಿಂತ ಹೆಜ್ಜೆಗುಂಡಿಯಲ್ಲೂ ಹುಟ್ಟುತ್ತದೆ. ಔಷಧ ಲೇಪಿಸಿದ ಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿ. ಶುಕ್ರವಾರ ರಾತ್ರಿ ಕೆಲವು ಚರ್ಚುಗಳಲ್ಲಿ ಬೆಳಗಿನವರೆಗೆ ಪ್ರಾರ್ಥನೆ ನಡೆಯುತ್ತದೆ. ಹೋಗುವುದು ಬಿಡುವುದು ನಿಮ್ಮ ಮನಸ್ಸು, ಆದರೆ ಆ ರಾತ್ರಿ ಪರದೆಯ ರಕ್ಷಣೆ ಇಲ್ಲವೆಂಬುದು ನೆನಪಿರಲಿ. ಮುಲಾಮನ್ನು ಮತ್ತೆ ಮತ್ತೆ ಹಚ್ಚಬೇಕು.

ಒಂದು ಮಾತು ರಸ್ತೆಯ ಬಗ್ಗೆ. ಪ್ರವಾಸಿಗರ ಪ್ರಾಣ ತೆಗೆಯುವುದರಲ್ಲಿ ಸೋಂಕಿಗಿಂತ ಅಪಘಾತವೇ ಮುಂದು. ತ್ರೋತ್ರೋ ಎಂಬ ಬಾಡಿಗೆ ವ್ಯಾನುಗಳಲ್ಲಿ ಕತ್ತಲಾದ ಮೇಲೆ ಪ್ರಯಾಣ ಬೇಡ. ಹೆಲ್ಮೆಟ್ ಇಲ್ಲದೆ ಬೈಕಿನ ಹಿಂದೆ ಕೂರುವುದೂ ಬೇಡ.

ಹೊಳೆಯಲ್ಲಿ ದೀಕ್ಷಾಸ್ನಾನ

ಇದು ಸೂಕ್ಷ್ಮ ವಿಷಯ, ಆದರೂ ಹೇಳಲೇಬೇಕು. ಇಂಥ ಪ್ರವಾಸದಲ್ಲಿ ಹೊಳೆಯಲ್ಲೋ ಕೆರೆಯಲ್ಲೋ ದೀಕ್ಷಾಸ್ನಾನ ನಡೆಯುವುದುಂಟು. ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಹೊಸಬರ ಕೈಹಿಡಿದು, ಜೊತೆಗೆ ಹಾಡುವ ಗಳಿಗೆ ಯಾರಿಗಾದರೂ ಪ್ರಿಯವೇ. ಆದರೆ ಘಾನಾದ ಸಿಹಿನೀರಿನಲ್ಲಿ ಬಿಲ್‌ಹಾರ್ಜಿಯಾ ಎಂಬ ರೋಗದ ಹುಳುಗಳಿವೆ. ನೀರಿನ ಬಸವನಹುಳುವಿನಿಂದ ಹೊರಬರುವ ಈ ಕಣ್ಣಿಗೆ ಕಾಣದ ಮರಿಗಳು ಕೆಲವೇ ನಿಮಿಷಗಳಲ್ಲಿ ಗಾಯವಿಲ್ಲದ ಚರ್ಮವನ್ನೂ ತೂರಿ ಒಳಹೋಗುತ್ತವೆ. ನೀರು ಕುಡಿಯಬೇಕಾಗಿಲ್ಲ, ಕಾಲಿಟ್ಟರೆ ಸಾಕು. 1965ರಲ್ಲಿ ಅಕೊಸೊಂಬೊ ಅಣೆಕಟ್ಟು ಮುಗಿದು ವೋಲ್ಟಾ ಸರೋವರ ತುಂಬಿದ ಮೇಲೆ ಜೊಂಡು ಬೆಳೆಯಿತು, ಬಸವನಹುಳು ಹೆಚ್ಚಿತು, ದಡದ ಮಕ್ಕಳ ಮೂತ್ರದಲ್ಲಿ ರಕ್ತ ಕಾಣತೊಡಗಿತು. ವಿದ್ಯುತ್ತು ತಂದ ನೀರೇ ರೋಗವನ್ನೂ ತಂದಿತು.

ನಮ್ಮ ದೇಶದಲ್ಲಿ ಈ ಕಾಯಿಲೆ ಹೆಚ್ಚುಕಡಿಮೆ ಇಲ್ಲವೆನ್ನಬೇಕು. ಹಾಗಾಗಿ ನಮ್ಮ ವೈದ್ಯರಿಗೆ ತಟ್ಟನೆ ನೆನಪಾಗದು. ದಡದಲ್ಲಿ ನಿಂತೇ ಹಾಡಿ. ನೀರಿಗಿಳಿಯುವುದು ಪಾಲಕರ ಕರ್ತವ್ಯವೇ ಆದರೆ ಅವರು ಮರಳಿದ ಮೇಲೆ ಪರೀಕ್ಷೆ ಮಾಡಿಸಿಕೊಳ್ಳಲಿ, ಗುಣಪಡಿಸುವ ಪ್ರಾಜಿಕ್ವಾಂಟೆಲ್ ಗುಳಿಗೆ ಇದೆ. ಸಮುದ್ರದ ಉಪ್ಪುನೀರಿನಲ್ಲಿ ಈ ಭಯವಿಲ್ಲ.

ಔಷಧದ ಚೀಲ

ಅನೇಕ ತಂಡಗಳು ಒಂದು ಚೀಲ ಔಷಧ ಒಯ್ದು ಹಳ್ಳಿಯಲ್ಲಿ 'ವೈದ್ಯಕೀಯ ಶಿಬಿರ' ಮಾಡುತ್ತವೆ. ಉದ್ದೇಶ ಒಳ್ಳೆಯದು, ಪರಿಣಾಮ ಯಾವಾಗಲೂ ಅಲ್ಲ. ರಕ್ತದೊತ್ತಡ ಅಳೆದು ಎರಡು ವಾರದ ಮಾತ್ರೆ ಕೊಟ್ಟು ವಿಮಾನ ಹತ್ತಿದರೆ ಹದಿನೈದನೆಯ ದಿನ ಆ ಅಜ್ಜಿ ಏನು ಮಾಡಬೇಕು? ಜ್ವರದ ಮಗುವಿಗೆ ಉಳಿದ ಆಂಟಿಬಯಾಟಿಕ್ ಕೊಟ್ಟರೆ, ಒಳಗಿರುವ ಮಲೇರಿಯಾ ಪತ್ತೆಯಾಗುವುದೇ ತಡವಾಗುತ್ತದೆ. ಘಾನಾದಲ್ಲಿ ಚಿಕಿತ್ಸೆ ನೀಡಬೇಕಾದರೆ ವಿದೇಶಿ ವೈದ್ಯರು ಅಲ್ಲಿನ ವೈದ್ಯಕೀಯ ಮಂಡಳಿಯ ತಾತ್ಕಾಲಿಕ ನೋಂದಣಿ ಪಡೆಯಬೇಕು. ವೈದ್ಯರಲ್ಲದವರ ಮಾತಂತೂ ದೂರವೇ ಉಳಿಯಿತು.

ಬರೀ ಒಳ್ಳೆಯ ಮನಸ್ಸು ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಘಾನಾದಿಂದ ದೂರದ, ಪೂರ್ವ ಆಫ್ರಿಕಾದ ಉಗಾಂಡಾದ ಪ್ರಕರಣವೊಂದು ಲೋಕಕ್ಕೆಲ್ಲ ಗೊತ್ತಾಯಿತು. ಮಿಷನ್ ಕೆಲಸಕ್ಕೆಂದು ಹೋದ ಅಮೆರಿಕದ ಯುವತಿಯೊಬ್ಬಳು ಜಿಂಜಾ ನಗರದಲ್ಲಿ ಅಪೌಷ್ಟಿಕ ಮಕ್ಕಳ ಆರೈಕೆ ಕೇಂದ್ರ ತೆರೆದಳು. ಆಕೆಗೆ ವೈದ್ಯಕೀಯ ಶಿಕ್ಷಣವಿರಲಿಲ್ಲ. ಮಕ್ಕಳನ್ನು ಕಳೆದುಕೊಂಡ ಇಬ್ಬರು ತಾಯಂದಿರು 2019ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಆಕೆ ತಾನು ಚಿಕಿತ್ಸೆ ಮಾಡಿಲ್ಲವೆಂದಳು. 2020ರಲ್ಲಿ, ತಪ್ಪು ಒಪ್ಪಿಕೊಳ್ಳದೆಯೇ, ರಾಜಿಯಾಯಿತು. ಆ ಪ್ರಕರಣದ ಸತ್ಯಾಸತ್ಯ ಏನೇ ಇರಲಿ, ತೀವ್ರ ಅಪೌಷ್ಟಿಕತೆ ಹಸಿವು ಇಂಗಿಸಿದರೆ ಹೋಗುವ ಕಾಯಿಲೆಯಲ್ಲ. ಬತ್ತಿದ ಮಗುವಿಗೆ ಒಮ್ಮೆಲೇ ಹೆಚ್ಚು ಆಹಾರ ಕೊಟ್ಟರೆ ರಕ್ತದ ಲವಣಗಳು ಏರುಪೇರಾಗಿ ಹೃದಯ ನಿಲ್ಲಬಹುದು. ಗ್ಲೂಕೋಸ್ ಬಾಟಲಿ ಆತುರವಾಗಿ ಏರಿಸಿದರೂ ಅಷ್ಟೇ ಅಪಾಯ. ಮೊದಲ ದಿನಗಳಲ್ಲಿ ಅಳತೆಯ ತೆಳುಹಾಲು, ಸ್ವಲ್ಪ ಸ್ವಲ್ಪವಾಗಿ, ಹಗಲೂ ರಾತ್ರಿ. ಇದು ತರಬೇತಾದ ದಾದಿಯರ ಕೆಲಸ.

ಘಾನಾದ ಹಳ್ಳಿಗಳಲ್ಲಿ ಅಂಥ ದಾದಿಯರಿದ್ದಾರೆ. 1990ರ ದಶಕದಲ್ಲಿ ಉತ್ತರದ ನವ್ರೊಂಗೊದಲ್ಲಿ ಪ್ರಯೋಗವಾಗಿ ಶುರುವಾದ ಏರ್ಪಾಡು ಈಗ ದೇಶವ್ಯಾಪಿ. ಸಮುದಾಯ ಆರೋಗ್ಯ ಕೇಂದ್ರದಲ್ಲಿ ದಾದಿ ಹಳ್ಳಿಯಲ್ಲೇ ವಾಸವಿದ್ದು ಮನೆಮನೆಗೆ ಹೋಗುತ್ತಾಳೆ. ಆಗೊಗೊ ಊರಿನಲ್ಲಿ 1931ರಲ್ಲಿ ಬಾಸೆಲ್ ಮಿಷನ್ ತೆರೆದ ಆಸ್ಪತ್ರೆ ಇಂದಿಗೂ ಪ್ರೆಸ್ಬಿಟೇರಿಯನ್ ಚರ್ಚಿನ ಆಡಳಿತದಲ್ಲಿ ನಡೆಯುತ್ತಿದೆ. ನನ್ನನ್ನು ಕೇಳಿದರೆ, ತಂಡವು ಮೊದಲ ದಿನವೇ ಆ ದಾದಿಯನ್ನು ಕಂಡು "ನಿಮಗೇನು ಬೇಕು?" ಎಂದು ಕೇಳಲಿ. ಬಹುಶಃ ಆಕೆ ಮಾತ್ರೆ ಕೇಳಲಾರಳು. ಲಸಿಕೆಯ ದಿನ ತಾಯಂದಿರನ್ನು ಕರೆತನ್ನಿ ಎಂದಾಳು, ಸೋರುವ ಚಾವಣಿ ಸರಿಪಡಿಸಿ ಎಂದಾಳು, ವಿಮಾ ಕಾರ್ಡು ನವೀಕರಿಸಲಾಗದ ನಾಲ್ಕು ಮನೆಗಳ ಹೆಸರು ಹೇಳಿಯಾಳು.

ಮನೆಗೆ ಬಂದ ಮೇಲೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಫಾಲ್ಸಿಪಾರಮ್ ಸೋಂಕು ತಗುಲಿದ ಏಳು ದಿನಗಳ ಒಳಗೆ ಜ್ವರ ಬರುವುದು ಅಪರೂಪ. ಎರಡನೆಯ ವಾರ ಕಚ್ಚಿಸಿಕೊಂಡವರಿಗೆ ಜ್ವರ ಬರುವುದು ಮನೆಯಲ್ಲೇ. ಹೆಚ್ಚಿನವು ಮೊದಲ ತಿಂಗಳಲ್ಲಿ, ಕೆಲವು ಮೂರು ತಿಂಗಳವರೆಗೆ, ಅಪರೂಪಕ್ಕೆ ಇನ್ನೂ ತಡವಾಗಿ ಕಾಣಿಸಿಕೊಳ್ಳುತ್ತವೆ. ಗುಳಿಗೆಯನ್ನು ವಿಮಾನ ಇಳಿದ ದಿನವೇ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಬಂದ ಮೇಲೆ ಏಳು ದಿನ, ಡಾಕ್ಸಿಸೈಕ್ಲಿನ್ ಮತ್ತು ಮೆಫ್ಲೋಕ್ವಿನ್ ಆದರೆ ನಾಲ್ಕು ವಾರ ಮುಂದುವರಿಸಲೇಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸ ಅಮ್ಮನದಾಗಲಿ.

"ಅಲ್ಲಿನ ಪಾಲಕರು ಮಲೇರಿಯಾ ಬಂದಿದೆ ಎಂದು ಹೇಳುತ್ತಲೇ ಪ್ರಸಂಗ ಮಾಡಿದರು, ಅಷ್ಟೇನೂ ದೊಡ್ಡದಲ್ಲವಂತೆ" ಎಂದು ಮಗಳು ಹೇಳಬಹುದು. ಅವರು ಬಾಲ್ಯದಿಂದ ಹತ್ತಾರು ಸಲ ಮಲೇರಿಯಾ ಉಂಡವರು, ದೇಹಕ್ಕೆ ಅರೆಬರೆ ರಕ್ಷಣೆ ಸಿಕ್ಕಿರುತ್ತದೆ. ಆ ರಕ್ಷಣೆಗೆ ಅಲ್ಲಿನ ಎಷ್ಟೋ ತಾಯಂದಿರು ಮಕ್ಕಳನ್ನು ಕಳೆದುಕೊಂಡು ಬೆಲೆ ತೆತ್ತಿದ್ದಾರೆ. ನಮ್ಮ ಮಕ್ಕಳಿಗೆ ಅದಿಲ್ಲ. ಮಂಗಳೂರಿನಲ್ಲಿ ಹುಟ್ಟಿ ಬೆಳೆದು ಎರಡು ಸಲ ವೈವಾಕ್ಸ್ ಮಲೇರಿಯಾ ಬಂದಿದ್ದರೂ ಇದರ ಮುಂದೆ ಅದು ನಿಲ್ಲದು. ಚಿಕಿತ್ಸೆ ತಡವಾದರೆ ಒಂದೆರಡು ದಿನಗಳಲ್ಲೇ ಮೆದುಳು, ಮೂತ್ರಪಿಂಡ ಕೈಕೊಡಬಹುದು.

ಆದ್ದರಿಂದ ಜ್ವರ ಬಂದ ದಿನವೇ, ಭಾನುವಾರವಾದರೂ ಸರಿ, ರಕ್ತ ಪರೀಕ್ಷೆ ಆಗಬೇಕು. ವರದಿ 'ಇಲ್ಲ' ಎಂದು ಬಂದರೂ ಜ್ವರ ಇಳಿಯದಿದ್ದರೆ ಹನ್ನೆರಡರಿಂದ ಇಪ್ಪತ್ತನಾಲ್ಕು ತ ಾಸಿಗೊಮ್ಮೆಯಂತೆ ಒಟ್ಟು ಮೂರು ಸಲ ನೋಡಿಸಿ. ಜ್ವರದ ಜೊತೆ ವಾಂತಿ, ಭೇದಿ, ತಲೆನೋವು, ಕಣ್ಣು ಹಳದಿಯಾಗುವುದು ಏನೂ ಇರಬಹುದು. ಡೆಂಗಿ ಕಾಲದಲ್ಲಂತೂ ಎಲ್ಲರ ಬಾಯಲ್ಲೂ ಡೆಂಗಿಯೇ. ಗುಳಿಗೆ ತಪ್ಪದೆ ನುಂಗಿದ್ದೇನೆ ಎಂಬುದೂ ಪರೀಕ್ಷೆ ಬಿಡಲು ಕಾರಣವಾಗದು. ನಮ್ಮಲ್ಲಿ ವೈವಾಕ್ಸ್‌ಗೆ ಕೊಡುವ ಕ್ಲೋರೋಕ್ವಿನ್ ಘಾನಾದ ಮಲೇರಿಯಾಕ್ಕೆ ನಾಟದು, ಆರ್ಟಿಮಿಸಿನಿನ್ ಬೆರೆಸಿದ ಚಿಕಿತ್ಸೆಯೇ ಆಗಬೇಕು. ವೈದ್ಯರು ಕೇಳಲಿ, ಬಿಡಲಿ, ಬಾಯಿಬಿಟ್ಟು ಹೇಳಬೇಕಾದ ಮೊದಲ ಮಾತು: "ನಾನು ಘಾನಾಕ್ಕೆ ಹೋಗಿ ಬಂದಿದ್ದೇನೆ."

ಜ್ವರದಲ್ಲಿ ಮಂಪರು ಕವಿದವರಿಗೆ ಅದನ್ನು ಹೇಳಲೂ ಆಗದಿರಬಹುದು. ಒಂದು ಚೀಟಿಯಲ್ಲಿ ಹೋದ ದೇಶ, ಹಳ್ಳಿ, ಹೋದ ಬಂದ ತಾರೀಕು, ನುಂಗಿದ ಗುಳಿಗೆಯ ಹೆಸರು, ಹೊಳೆಗೆ ಇಳಿದದ್ದು ಉಂಟೋ ಇಲ್ಲವೋ ಎಂಬುದನ್ನು ಬರೆದು ಪರ್ಸಿನಲ್ಲಿಡಿ, ಇನ್ನೊಂದು ಪ್ರತಿ ಮನೆಯ ಫ್ರಿಜ್ಜಿನ ಮೇಲೆ ಅಂಟಿಸಿ. ನೀರಿಗಿಳಿದವರು ಎರಡು ಮೂರು ತಿಂಗಳಾದ ಮೇಲೆ ಬಿಲ್‌ಹಾರ್ಜಿಯಾಕ್ಕಾಗಿ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ಅದಕ್ಕೆ ಮುಂಚೆ ಮಾಡಿಸಿದರೆ ಸೋಂಕು ಇದ್ದರೂ ಕಾಣದೆ ಹೋಗಬಹುದು.